ಅವಳು ಹೇಗೆ ನೋಡುತ್ತಾಳೆ ಎಂದು ಕೇಳಿದ್ದೀಯಲ್ಲ

ಸಾಗರ

ಚಿರಂಜೀವಿ ಪ್ರಸನ್ನನಿಗೆ ಅತ್ತೆಯ ಆಶೀರ್ವಾದಗಳು.

ಪತ್ರ ಮುಟ್ಟಿತು. ಮನೆ ಸಾಲದ ಕಂತು, ಸುಮಾಳ ಹೊಸ ಕೆಲಸ ಎಲ್ಲ ಓದಿದೆ. ಕೊನೆಯಲ್ಲಿ, ಬರೆಯಲೋ ಬೇಡವೋ ಎಂಬಂತೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ತುರುಕಿದ್ದೀಯ: "ಮಕ್ಕಳಾಗದಿರಲು ದೋಷ ನನ್ನದೇ ಎಂದು ಬಂದರೆ ಅವಳು ನನ್ನನ್ನು ಹೇಗೆ ನೋಡುತ್ತಾಳೆ ಅತ್ತೆ?" ಉಳಿದದ್ದೆಲ್ಲ ಮರೆತುಹೋಯಿತು, ಅದೊಂದು ಮಾತ್ರ ರಾತ್ರಿಯೆಲ್ಲ ನಿದ್ದೆ ಕೆಡಿಸಿತು.

ಸುಮಾಳಿಗೆ ಸ್ಕ್ಯಾನಿಂಗ್ ಆಗಿದೆ, ರಕ್ತ ಪರೀಕ್ಷೆಯಾಗಿದೆ, ಗರ್ಭನಾಳಕ್ಕೆ ಔಷಧಿ ಹಾಯಿಸಿ ತೆಗೆಯುವ ಎಕ್ಸ್‌ರೇ ಕೂಡ ಆಗಿದೆ ಎಂದು ನೀನೇ ಬರೆದಿದ್ದೀಯ. ಆ ಎಕ್ಸ್‌ರೇ ಮುಗಿಸಿ ಕಿಬ್ಬೊಟ್ಟೆ ಹಿಡಿದುಕೊಂಡು ಬೆಂಚಿನ ಮೇಲೆ ಕುಳಿತ ಹೆಂಗಸರನ್ನು ನಾನು ಕಂಡಿದ್ದೇನೆ. ನಿನ್ನಿಂದ ಕೇಳುತ್ತಿರುವುದು ವೀರ್ಯ ಪರೀಕ್ಷೆಗೆ ಒಂದು ಸಣ್ಣ ಡಬ್ಬಿ. ಬೈಯುತ್ತಿದ್ದೇನೆ ಎಂದುಕೊಳ್ಳಬೇಡ. ಸ್ವಲ್ಪ ಬೈಗುಳ ಸೇರಿರಬಹುದು, ವಯಸ್ಸಾಯಿತು.

ಆಸ್ಪತ್ರೆಯ ಲ್ಯಾಬಿನಲ್ಲಿದ್ದಾಗ ಈ ಡಬ್ಬಿಗಳು ನಮ್ಮ ಕಿಟಕಿಗೆ ಬರುತ್ತಿದ್ದ ರೀತಿ ಹೇಳುತ್ತೇನೆ. ಹಳ್ಳಿಯ ಹೆಂಗಸು ಬಿಸಿ ಆರದಿರಲೆಂದು ಅದನ್ನು ಸೊಂಟದಲ್ಲಿ ಸಿಕ್ಕಿಸಿಕೊಂಡು, ಸೆರಗು ಮುಚ್ಚಿಕೊಂಡು ತರುತ್ತಿದ್ದಳು. ಗಂಡ ಗೇಟಿನಾಚೆ ಬೀಡಾ ಅಂಗಡಿಯ ಹತ್ತಿರ ನಿಂತು ರಸ್ತೆ ನೋಡುತ್ತಿದ್ದ. ವರದಿ ಕೇಳಲೂ ಅವಳೇ ಬರಬೇಕು. ಅವನ ಹೆಸರು ಬರೆದ ಚೀಟಿಯನ್ನು ಅವಳ ಕೈಗೆ ಕೊಡುವಾಗ ಅವಳ ಮುಖ ನೋಡುತ್ತಿದ್ದೆ. ತಿರಸ್ಕಾರ ಕಂಡದ್ದು ನೆನಪಿಲ್ಲ. "ಇವರಿಗೆ ಹೇಗೆ ಹೇಳಲಿ ಮೇಡಂ" ಎಂದು ಕೇಳಿದವರೇ ಹೆಚ್ಚು.

ಅಷ್ಟಕ್ಕೂ ಆ ಚೀಟಿಯಲ್ಲಿ ಗಂಡಸುತನದ ಅಂಕಪಟ್ಟಿ ಇರುವುದಿಲ್ಲ ಮಾರಾಯ. ನಿನ್ನ ಚಿಕ್ಕಪ್ಪ ಹುಟ್ಟಿದ ಮೇಲೆ ನಿನ್ನ ಅಜ್ಜ ಶಿಬಿರಕ್ಕೆ ಹೋಗಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದರು. ನಿನಗೆ ಇದು ಗೊತ್ತಿರಲಿಕ್ಕಿಲ್ಲ. ಆಮೇಲೆ ಸಾಯುವವರೆಗೂ ಅವರ ವೀರ್ಯದಲ್ಲಿ ವೀರ್ಯಾಣುವಿನ ಲೆಕ್ಕ ಸೊನ್ನೆ. ಅವರ ಗಂಟಲು ಕೇಳಿದರೆ ಊರೇ ನಡುಗುತ್ತಿತ್ತು. ಅಮ್ಮ ಅವರನ್ನು ನೋಡುವ ರೀತಿಯೇನೂ ಬದಲಾಗಲಿಲ್ಲ, ಇನ್ನು ಹೆರಬೇಕಿಲ್ಲವಲ್ಲ ಎಂದು ನೆಮ್ಮದಿಯಾದದ್ದು ಬಿಟ್ಟರೆ.

ಅಂಕಿಗಳ ಬಗ್ಗೆಯೂ ನಿನ್ನ ಹೆದರಿಕೆ ಅಳತೆ ಮೀರಿದೆ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯಲ್ಲಿ ಕೆಳಗಿನ ಮಿತಿ ಎಂದು ಕೊಟ್ಟಿರುವುದು ಒಂದು ಮಿಲಿಲೀಟರಿಗೆ 1 ಕೋಟಿ 60 ಲಕ್ಷ ವೀರ್ಯಾಣು, ಚಲಿಸುವಂಥವು ನೂರಕ್ಕೆ 42. ಆಕಾರ ಸರಿಯಿರಬೇಕಾದದ್ದು ನೂರಕ್ಕೆ ಬರೀ 4. ಉಳಿದ 96 ಸೊಟ್ಟಗಿದ್ದರೂ ಸಹಜವೇ. ಒಂದು ವರ್ಷದೊಳಗೆ ಅಪ್ಪಂದಿರಾಗುವ ಹಾದಿ ಹಿಡಿದವರನ್ನೇ ಅಳೆದು ಈ ಮಿತಿ ಹಾಕಿದ್ದು, ಅವರಲ್ಲೂ ನೂರಕ್ಕೆ ಐವರು ಇದಕ್ಕಿಂತ ಕೆಳಗಿದ್ದರು. ನಿನಗೆ ಶ್ರಾವಣದಲ್ಲಿ ಡೆಂಗ್ಯೂ ಬಂದಿತ್ತಲ್ಲ, ಅದನ್ನು ಡಾಕ್ಟರಿಗೆ ಹೇಳು. ವೀರ್ಯಾಣು ತಯಾರಾಗಲು ಸುಮಾರು ಎರಡೂವರೆ ತಿಂಗಳು ಬೇಕು, ಜ್ವರದ ಪೆಟ್ಟು ಆಮೇಲೆ ಕಾಣುತ್ತದೆ. ಮೊದಲ ವರದಿ ಕೆಟ್ಟದಾಗಿ ಬಂದರೆ ಕೆಲವು ವಾರ ಬಿಟ್ಟು ಮತ್ತೊಂದು ಮಾಡಿಸದೆ ಯಾರ ಮಾತನ್ನೂ ನಂಬಬೇಡ.

ಅವಳು ಹೇಗೆ ನೋಡುತ್ತಾಳೆ ಎಂದೆಯಲ್ಲ. ಸುಮಾಳ ಪರವಾಗಿ ನಾನು ಹೇಳಲಾರೆ. ನನ್ನದು ಹೇಳಬಲ್ಲೆ.

ನಮಗೂ ಮಕ್ಕಳಾಗಲಿಲ್ಲ, ನಿನ್ನ ಮಾವ ಒಮ್ಮೆಯೂ ಪರೀಕ್ಷೆ ಮಾಡಿಸಿಕೊಳ್ಳಲಿಲ್ಲ. ನಾನು ಊರವರದ್ದನ್ನೆಲ್ಲ ಸೂಕ್ಷ್ಮದರ್ಶಕದ ಕೆಳಗಿಟ್ಟು, ಗಾಜಿನ ಮೇಲಿನ ಚೌಕ ಚೌಕಗಳಲ್ಲಿ ಬಾಲ ಆಡಿಸುವವನ್ನು ಎಣಿಸಿ ಬರೆದುಕೊಟ್ಟವಳು. ಮನೆಯಲ್ಲಿ ಬಾಯಿ ಬಿಡಲಿಲ್ಲ. ಕುಕ್ಕೆಯಲ್ಲಿ ಆಶ್ಲೇಷಾ ಬಲಿ ಆಯಿತು, ಅಶ್ವತ್ಥಕಟ್ಟೆ ಸುತ್ತಿದ್ದಾಯಿತು, ಎಲ್ಲ ನನ್ನ ಹೆಸರಿನಲ್ಲಿ. ಕಾಲೇಜಿನಲ್ಲಿದ್ದಾಗ ಅವರಿಗೆ ಮಂಗನಬಾವು ಬಂದು ವೃಷಣ ಊದಿತ್ತೆಂದು ನಮ್ಮ ನಾದಿನಿ ಮಾತಿನ ಮಧ್ಯೆ ಹೇಳಿದ್ದು ಅವರು ತೀರಿಕೊಂಡ ಮೇಲೆ. ಅದೇ ಕಾರಣ ಎನ್ನಲಾರೆ. ಹೆಚ್ಚಿನವರಿಗೆ ಅದು ಒಂದೇ ಕಡೆ ಆಗುತ್ತದೆ, ಮಕ್ಕಳೇ ಆಗದಷ್ಟು ಕೆಡುವುದು ಅಪರೂಪ. ಇನ್ನು ಅದು ತಿಳಿಯುವಂತಿಲ್ಲ.

ದೋಷ ಅವರದೆಂದು ಗೊತ್ತಾಗಿದ್ದರೆ ನನಗೆ ಸಿಟ್ಟು ಬರುತ್ತಿತ್ತೇ? ಬರುತ್ತಿತ್ತೇನೋ, ನಾಲ್ಕು ದಿನ. ಆದರೆ ಒಂದು ಸೀಮಂತದ ಮನೆಯಲ್ಲಿ ಆರತಿಗೆ ಕರೆಯುತ್ತಾ ಬಂದವರು ನನ್ನನ್ನು ದಾಟಿ ಪಕ್ಕದವಳನ್ನು ಕರೆದರು. ನಿನ್ನ ಮಾವ ಎದುರಿನ ಜಗುಲಿಯಲ್ಲೇ ಇದ್ದರು. ಕಂಡರು, ಕಂಡು ಪತ್ರಿಕೆಯ ಪುಟ ಮಗುಚಿದರು. ಆಗ ನಾನು ಅವರನ್ನು ನೋಡಿದ ನೋಟವೊಂದಿದೆ ಪ್ರಸನ್ನ. ಹೆದರುವುದಿದ್ದರೆ ಅದಕ್ಕೆ ಹೆದರು. ಆಮೇಲೆ ಎಷ್ಟೋ ವರ್ಷ ಚೆನ್ನಾಗಿಯೇ ಬಾಳಿದೆವು, ಅವರು ಒಳ್ಳೆಯವರು. ಆ ನೋಟವನ್ನು ಮಾತ್ರ ವಾಪಸು ತೆಗೆದುಕೊಳ್ಳಲಾಗಲಿಲ್ಲ.

ಆದ್ದರಿಂದ ಸುಮಾಳಿಗೆ ಮೊದಲೇ ಹೇಳಿ ಹೋಗು. ಕದ್ದು ಮಾಡಿಸಿ, ಚೆನ್ನಾಗಿ ಬಂದರೆ ತೋರಿಸುತ್ತೇನೆ ಎಂಬ ಲೆಕ್ಕ ಬೇಡ. ಡಾಕ್ಟರ ಎದುರು ಇಬ್ಬರೂ ಕುಳಿತುಕೊಳ್ಳಿ. ನಾನು ಹೇಳುವುದು ಹಳೆಯ ಕಾಲದ ಲ್ಯಾಬಿನವಳ ಮಾತು, ಈಗಿನ ಡಾಕ್ಟರು ಬೇರೆ ಹೇಳಿದರೆ ಅದನ್ನೇ ಕೇಳು. ಎಣಿಕೆ ಕಡಿಮೆಯಿದ್ದರೆ ಯೂರಾಲಜಿಸ್ಟ್ ಮುಟ್ಟಿ ನೋಡುತ್ತಾರೆ. ವೃಷಣದ ಮೇಲಿನ ರಕ್ತನಾಳ ಉಬ್ಬಿದ್ದರೆ, ಹೆಚ್ಚಾಗಿ ಎಡಗಡೆ ಇರುತ್ತದೆ, ಕೆಲವರಿಗೆ ಶಸ್ತ್ರಚಿಕಿತ್ಸೆಯಿಂದ ಪ್ರಯೋಜನವಿದೆ. ಸೊನ್ನೆಯೇ ಬಂದರೂ ದಾರಿ ಅಡ್ಡಗಟ್ಟಿದೆಯೋ, ತಯಾರಿಯೇ ನಿಂತಿದೆಯೋ ಎಂದು ಹಾರ್ಮೋನು, ವರ್ಣತಂತು ನೋಡಿ ಹೇಳುತ್ತಾರೆ. ವೃಷಣದಿಂದಲೇ ಒಂದೊಂದು ವೀರ್ಯಾಣು ಹೆಕ್ಕಿ ಅಂಡದೊಳಗೆ ಚುಚ್ಚಿ ಇಡುವ ವಿಧಾನವಿದೆ. ಎಲ್ಲರಿಗೂ ಫಲಿಸುತ್ತದೆ ಎಂದು ಸುಳ್ಳು ಹೇಳುವುದಿಲ್ಲ. ಜಿಮ್ಮಿನವರು ಶಕ್ತಿಗೆಂದು ಟೆಸ್ಟೊಸ್ಟಿರೋನ್ ಇಂಜೆಕ್ಷನ್ ಕೊಡಲು ಬಂದರೆ ಒಲ್ಲೆ ಎನ್ನು. ಅದು ವೀರ್ಯಾಣುವಿನ ತಯಾರಿಯನ್ನೇ ನಿಲ್ಲಿಸುತ್ತದೆ.

ಕೊನೆಗೆ ಡಬ್ಬಿಯ ವಿಷಯ. ಎರಡರಿಂದ ಏಳು ದಿನದ ಸಂಯಮ ಇರಬೇಕು. ಎಷ್ಟು ದಿನವಾಯಿತು ಎಂದು ಕೇಳಿದರೆ ನಾಚಿಕೊಂಡು ಸುಳ್ಳು ಬರೆಯಬೇಡ. ಸೋಪು, ಎಣ್ಣೆ ತಾಗಬಾರದು. ಮನೆಯಿಂದ ಒಯ್ದರೆ ಗಂಟೆಯೊಳಗೆ ಮುಟ್ಟಿಸಬೇಕು. ಬೆಂಗಳೂರಿನ ರಸ್ತೆಯಲ್ಲಿ ಅದು ಆಗುವ ಮಾತಲ್ಲ, ಲ್ಯಾಬಿನಲ್ಲೇ ಕೊಟ್ಟುಬಿಡು. ಸ್ವಲ್ಪ ಚೆಲ್ಲಿಹೋದರೆ ಮುಚ್ಚಿಡದೆ ಹೇಳು, ಲೆಕ್ಕ ತಪ್ಪುತ್ತದೆ. ಡಬ್ಬಿಯ ಮೇಲೆ ನಿನ್ನ ಹೆಸರು ಸರಿಯಾಗಿ ಬರೆದಿದ್ದಾರೆಯೇ ಎಂದು ನೋಡಿಯೇ ಕೊಡು.

ನಿನ್ನ ಅಮ್ಮನಿಗೆ ನಾನೇನೂ ಹೇಳಿಲ್ಲ. ಈ ಪತ್ರವನ್ನು ಸುಮಾ ಓದಿದರೆ ನನ್ನ ಅಡ್ಡಿಯಿಲ್ಲ.

ನಿನ್ನ ಅತ್ತೆ