ಪಾಠದ ಚೀಲದ ದರ, ದಿನ ಮತ್ತು ಜಾಗ ಬದಲಾಗುತ್ತಿರುವ ಬಗ್ಗೆ

ಶಿರಸಿ, 27 ಆಗಸ್ಟ್ 2021

ನಮ್ಮಲ್ಲಿ ಚೀಲ ತರಿಸುವ ಎಲ್ಲ ಅಕ್ಕಂದಿರಿಗೆ, ಅಣ್ಣಂದಿರಿಗೆ, ಅಜ್ಜ-ಅಜ್ಜಿಯರಿಗೆ ನಮಸ್ಕಾರ.

ಕೊರೋನಾದಿಂದ ಶಾಲೆ ಮುಚ್ಚಿರುವಾಗ ನಮ್ಮ ಹೆಂಗಸರ ಸಂಘ ಚಿಕ್ಕ ಮಕ್ಕಳಿಗೆ ಓದುವ, ಬರೆಯುವ ಹಾಳೆ ತುಂಬಿ ಕಳಿಸುವ ಪಾಠದ ಚೀಲದ ಮಾತು ಇದು. ಮೊದಲು ವಿಷಯ ಹೇಳಿಬಿಡುತ್ತೇವೆ. ಚೌತಿ ಮುಗಿದ ಮೇಲೆ, ಸೆಪ್ಟೆಂಬರ್ 13ರ ಸೋಮವಾರದಿಂದ, ಪಾಠದ ಚೀಲ ವಾರಕ್ಕೊಂದರ ಬದಲು ಹದಿನೈದು ದಿನಕ್ಕೊಂದು ಬರುತ್ತದೆ. ಹಾಳೆ ಕಮ್ಮಿ ಮಾಡಿಲ್ಲ. ಎರಡು ವಾರದ 24 ಹಾಳೆಯೂ ಒಟ್ಟಿಗೇ ಇರುತ್ತವೆ. ಚೀಲ ಇನ್ನು ಮನೆ ಬಾಗಿಲಿಗೆ ಬರುವುದಿಲ್ಲ, ನಿಮ್ಮೂರ ಹಾಲಿನ ಡೈರಿಗೆ ಬರುತ್ತದೆ. ದರ, ವಾರಕ್ಕೆ 35ರಂತೆ ಎರಡು ವಾರಕ್ಕೆ 70 ಇದ್ದದ್ದು, 85 ರೂಪಾಯಿ ಆಗುತ್ತದೆ.

ಹದಿನೈದು ರೂಪಾಯಿ ದೊಡ್ಡದಲ್ಲ ಎಂದು ನಾವು ಹೇಳುವುದಿಲ್ಲ. ಎರಡು ಮಕ್ಕಳಿದ್ದ ಮನೆಗೆ ಅದು ಮೂವತ್ತು. ಕೂಲಿ ಇಲ್ಲದೆ ಕೂತ ತಿಂಗಳುಗಳನ್ನು ನಾವೂ ಕಂಡಿದ್ದೇವೆ. ಸಂಘದ ಹನ್ನೊಂದು ಹೆಂಗಸರಲ್ಲಿ ಆರು ಜನರ ಮನೆಯಲ್ಲೂ ಇದೇ ಚೀಲಕ್ಕೆ ಕಾಯುವ ಮಕ್ಕಳಿದ್ದಾರೆ, ಅವರೂ ಇದೇ ದರ ಕೊಡುತ್ತಾರೆ. ಬೇಸರ ಮಾಡಿಸಿದ್ದಕ್ಕೆ ಕ್ಷಮೆ ಕೇಳುತ್ತೇವೆ. ಆದರೆ ‘ಕೊರೋನಾ ಹೆಸರಲ್ಲಿ, ಮಕ್ಕಳ ಹೆಸರಲ್ಲಿ ದುಡ್ಡು ಮಾಡುತ್ತಿದ್ದಾರೆ’ ಎಂಬ ಮಾತು ಹೋದ ತಿಂಗಳು ಎರಡು ಊರುಗಳಿಂದ ನಮ್ಮ ಕಿವಿಗೆ ಬಿದ್ದಿದೆ. ಆ ಮಾತಿಗೆ ಮಾತ್ರ ತಲೆ ತಗ್ಗಿಸಲಾರೆವು. ಲೆಕ್ಕ ಪೂರ್ತಿ ಬಿಚ್ಚಿಡುತ್ತೇವೆ, ನೀವೇ ಕೂಡಿಸಿ ನೋಡಿ.

ಹದಿನೈದು ದಿನದ ಒಂದು ಚೀಲಕ್ಕೆ ಕಾಗದ 11 ರೂಪಾಯಿ. ಕಳೆದ ವರ್ಷ ನಾವು 180ಕ್ಕೆ ತರುತ್ತಿದ್ದ 500 ಹಾಳೆಯ ಕಟ್ಟು ಈಗ 225. ಅದರಲ್ಲೇ ಶೇ. 12 ಜಿಎಸ್‌ಟಿ ಸೇರಿರುತ್ತದೆ. ನಮ್ಮಂಥ ಸಣ್ಣ ಸಂಘಕ್ಕೆ ಅದು ಎಲ್ಲಿಂದಲೂ ವಾಪಸ್ ಬರುವುದಿಲ್ಲ. ಅಚ್ಚು ಹಾಕುವ ರೈಸೋ ಮೆಷಿನ್ನಿನ ಶಾಯಿ ಮತ್ತು ಮಾಸ್ಟರ್ ರೋಲಿಗೆ 9. ಪೆನ್ಸಿಲ್, ಬಣ್ಣದ ಕಡ್ಡಿ, ಬಳಪಕ್ಕೆ 6. ಕೋಣೆಯ ಬಾಡಿಗೆ, ಕರೆಂಟಿಗೆ 6. ಡೈರಿಗೆ ಮುಟ್ಟಿಸುವ ಸಾಗಾಟಕ್ಕೆ 16. ಹಾಳೆ ತಯಾರಿಸಿ, ಮಕ್ಕಳು ಬರೆದು ಕಳಿಸಿದ್ದನ್ನು ತಿದ್ದುವ ಅಕ್ಕೋರು-ಮಾಸ್ತರಿಗೆ 34. ಒಟ್ಟು 82 ಆಯಿತು. ಉಳಿದ 3 ರೂಪಾಯಿ ಹರಿದ ಚೀಲ ಹೊಲಿಸುವುದಕ್ಕೆ ಮತ್ತು ಥಂಡಿ ಹಿಡಿದು ಹಾಳಾಗುವ ಕಾಗದಕ್ಕೆ. ಇದರಲ್ಲಿ ಸಂಘದ ಹೆಂಗಸರ ಮಡಚುವ, ಎಣಿಸುವ, ತುಂಬುವ ಕೂಲಿ ಎಲ್ಲಿದೆ ಎಂದು ಕೇಳಿದರೆ, ಇಲ್ಲ. ಏಪ್ರಿಲ್‌ನಿಂದ ಅದನ್ನು ಬರೆಯುವುದನ್ನೇ ಬಿಟ್ಟಿದ್ದೇವೆ.

ಸಾಗಾಟದ ಬಗ್ಗೆ ನಮ್ಮನ್ನು ಬೈದಷ್ಟು ಬೇರೆ ಯಾವುದಕ್ಕೂ ಬೈದಿಲ್ಲ. ಮೊದಲು ಸಂಜೆಯ ವಸ್ತಿ ಬಸ್ಸಿನಲ್ಲಿ ಚೀಲ ಇಟ್ಟರೆ ಕಂಡಕ್ಟರಣ್ಣ ಊರಿನ ಅಂಗಡಿಗೆ ಕೊಟ್ಟು ಹೋಗುತ್ತಿದ್ದರು. ಏಪ್ರಿಲ್ 27ಕ್ಕೆ ಮತ್ತೆ ಎಲ್ಲ ಬಂದ್ ಆಯಿತು, ಬಸ್ಸು ನಿಂತಿತು. ಕೆಲವು ದಾರಿಗಳಲ್ಲಿ ಇನ್ನೂ ಶುರುವಾಗಿಲ್ಲ. ಬೈಕಿನಲ್ಲಿ ಮನೆಮನೆಗೆ ಮುಟ್ಟಿಸಿದೆವು. ಜೂನ್‌ನಲ್ಲಿ ಶಿರಸಿಯಲ್ಲಿ ಪೆಟ್ರೋಲ್ ಲೀಟರಿಗೆ 100 ದಾಟಿತು. ನಮ್ಮ ಕಡೆ ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಒಂದು ತೋಟ, ಒಂದು ಹಳ್ಳ, ಒಂದು ದಿಬ್ಬ ಇರುತ್ತದೆ ಎಂದು ನಿಮಗೆ ನಾವು ಹೇಳಬೇಕಿಲ್ಲ. ಮೂರು ಚೀಲ ಕೊಡಲು ಎಂಟು ಕಿಲೋಮೀಟರು ಸುತ್ತಿದ ದಿನಗಳಿವೆ.

ಆಮೇಲೆ ಜುಲೈ 22, 23ರ ಮಳೆ. ಯಲ್ಲಾಪುರದ ಕಳಚೆಯಲ್ಲಿ ಗುಡ್ಡವೇ ಇಳಿಯಿತು, ಗುಳ್ಳಾಪುರದ ಸೇತುವೆ ಗಂಗಾವಳಿಯಲ್ಲಿ ಕೊಚ್ಚಿಹೋಯಿತು, ಹಳ್ಳ ದಾಟುವ ಎಷ್ಟು ಕಾಲುಸಂಕ ಹೋದವೋ ಲೆಕ್ಕ ಇಟ್ಟವರಿಲ್ಲ. ಆ ಕಡೆಯ ನಮ್ಮ ಹತ್ತೊಂಬತ್ತು ಮಕ್ಕಳಿಗೆ ಮೂರು ವಾರ ಚೀಲ ಮುಟ್ಟಿಸಲು ಆಗಲಿಲ್ಲ. ಮುಟ್ಟಿಸಿದಾಗಲೂ ಗಡಿಬಿಡಿಯಲ್ಲಿ ಹಳೆಯ ವಾರದ ಹಾಳೆಯನ್ನೇ ಎರಡನೇ ಸಲ ಇಟ್ಟಿದ್ದೆವು. ಮನೆಗೇ ಮಣ್ಣು ನುಗ್ಗಿದವರು ಕೂಡ ಫೋನು ಮಾಡಿ, ‘ಅಕ್ಕ, ಇದು ಮುಗಿದದ್ದು, ಹೊಸದು ಇದ್ದರೆ ಕೊಡಿ’ ಎಂದಷ್ಟೇ ಕೇಳಿದರು. ಅವರ ಹತ್ತಿರ ಆ ಮೂರು ವಾರದ ದುಡ್ಡು ತೆಗೆದುಕೊಂಡಿಲ್ಲ, ಮುಂದೆಯೂ ಕೇಳುವುದಿಲ್ಲ.

ಅದಕ್ಕೇ ಡೈರಿ. ಮಳೆ ಬರಲಿ, ಬಂದ್ ಆಗಲಿ, ಹಾಲಿನ ಗಾಡಿ ಬರುವುದು ನಿಂತಿಲ್ಲ. ಬೆಳಿಗ್ಗೆ ಹಾಲು ಹಾಕಲು ಮನೆಯಿಂದ ಒಬ್ಬರು ಹೇಗೂ ಹೋಗುತ್ತೀರಿ. ಹಾಲು ಹಾಕದ ಮನೆಯವರು ಪಕ್ಕದವರಿಗೆ ಹೇಳಿಡಿ. ಡೈರಿಗೆ ದೂರ ಇರುವ ಹದಿನಾಲ್ಕು ಮನೆಗಳ ಪಟ್ಟಿ ನಮ್ಮ ಹತ್ತಿರ ಇದೆ. ಅವಕ್ಕೆ ಮೊದಲಿನ ಹಾಗೇ ಬೈಕಿನಲ್ಲಿ ತರುತ್ತೇವೆ, ಹೆಚ್ಚು ದುಡ್ಡು ಬೇಡ.

ಈಗ ನೀವು ಪದೇಪದೇ ಕೇಳಿದ ಪ್ರಶ್ನೆ. ‘ಇಷ್ಟೆಲ್ಲ ರಗಳೆ ಯಾಕೆ? ಪಿಡಿಎಫ್ ಮಾಡಿ ವಾಟ್ಸಾಪಿಗೆ ಹಾಕಿಬಿಡಿ. ಕಾಗದ ಬೇಡ, ಪೆಟ್ರೋಲ್ ಬೇಡ. ಮೊಬೈಲಿನಲ್ಲೇ ನೋಡಿ ಕಲಿಯುತ್ತಾವೆ.’ ಹೋದ ವರ್ಷದಿಂದ ಇದನ್ನು ಕೇಳದ ವಾರ ಇಲ್ಲ. ಕೇಳಿದವರು ನಮ್ಮ ಒಳ್ಳೆಯದಕ್ಕೇ ಕೇಳಿದ್ದೀರಿ. ಹಾಗಾಗಿ ಸರಿಯಾಗಿ ಉತ್ತರ ಕೊಡಬೇಕು.

ದುಡ್ಡಿನ ಮಾತೇ ಮೊದಲು. 24 ಹಾಳೆ ಎಂದರೆ ಎರಡು ಬದಿ ಸೇರಿ 48 ಪುಟ. ಪೇಟೆಯ ಜೆರಾಕ್ಸ್ ಅಂಗಡಿಯಲ್ಲಿ ಪುಟಕ್ಕೆ 2 ರೂಪಾಯಿ ಹಿಡಿದರೂ 96 ಆಗುತ್ತದೆ. ಪೇಟೆಗೆ ಹೋಗಿಬರುವ ಖರ್ಚು ಬೇರೆ. ಮೊಬೈಲಿಗೆ ಕಳಿಸಿದರೆ ಖರ್ಚು ಇಲ್ಲವಾಗುವುದಿಲ್ಲ, ನಮ್ಮ ಲೆಕ್ಕದಿಂದ ನಿಮ್ಮ ಲೆಕ್ಕಕ್ಕೆ ಹೋಗುತ್ತದೆ.

ಮುದ್ರಿಸದೆ ತೆರೆಯ ಮೇಲೇ ನೋಡಲಿ ಎಂದರೆ, ಯಾರ ಮೊಬೈಲು? ಬಹಳ ಮನೆಗಳಲ್ಲಿ ಇರುವ ಒಂದು ದೊಡ್ಡ ಫೋನು ಅಪ್ಪನ ಜೇಬಿನಲ್ಲಿ ಬೆಳಿಗ್ಗೆ ಹೊರಗೆ ಹೋಗುತ್ತದೆ, ರಾತ್ರಿ ಎಂಟಕ್ಕೆ ಬರುತ್ತದೆ. ಆಗ ಹೈಸ್ಕೂಲಿನ ಅಕ್ಕನಿಗೆ ಅದು ಬೇಕು. ಆರು ವರ್ಷದ ಮಗುವಿನ ಸರದಿ ಬರುವಾಗ ಅದಕ್ಕೆ ನಿದ್ದೆ ಬಂದಿರುತ್ತದೆ. ನೆಟ್‌ವರ್ಕಿಗೆ ದೊಡ್ಡ ಮಕ್ಕಳು ಕೊಡೆ ಹಿಡಿದು ಗುಡ್ಡ ಹತ್ತುತ್ತಾರೆ, ಒಂದನೇ ಕ್ಲಾಸಿನ ಮಗುವನ್ನು ಆ ಮಳೆಯಲ್ಲಿ, ಆ ಇಂಬಳದ (ಜಿಗಣೆಯ) ಕಾಟದಲ್ಲಿ ಹತ್ತಿಸಲು ಆಗುವುದಿಲ್ಲ. ಕಳೆದ ವರ್ಷ ಜೂನ್‌ನಲ್ಲಿ ರಾಜ್ಯ ಸರ್ಕಾರ 5ನೇ ತರಗತಿವರೆಗೆ ಆನ್‌ಲೈನ್ ಪಾಠವೇ ಬೇಡ ಎಂದಿತು, ಜುಲೈನಲ್ಲಿ ಹೈಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ಅದೇ ತಿಂಗಳು ಕೇಂದ್ರದ ‘ಪ್ರಜ್ಞಾತಾ’ ಮಾರ್ಗಸೂಚಿ ಬಂತು. 1ರಿಂದ 8ನೇ ತರಗತಿಗೆ ದಿನಕ್ಕೆ ಎರಡು ಅವಧಿ, ಒಂದೊಂದು 30ರಿಂದ 45 ನಿಮಿಷ, ಅದಕ್ಕಿಂತ ಹೆಚ್ಚು ಬೇಡ ಎಂದು ಅದರಲ್ಲಿತ್ತು. ಅಲ್ಲಿ ಕೂತವರಿಗೂ ಈ ವಯಸ್ಸಿನ ಮಕ್ಕಳ ಕಣ್ಣು, ಕತ್ತಿನ ಚಿಂತೆ ಇತ್ತು. ಸರ್ಕಾರದ ವಿದ್ಯಾಗಮ ಯೋಜನೆಯಲ್ಲಿ ಮಾಸ್ತರುಗಳು ಜಗುಲಿಗೇ ಬಂದು ಪಾಠ ಮಾಡುತ್ತಿದ್ದಾಗ ಮಕ್ಕಳ ಮುಖ ಹೇಗಿತ್ತು ಎಂದು ನೀವೂ ನೋಡಿದ್ದೀರಿ. ಅದು ಕಳೆದ ಅಕ್ಟೋಬರಿನಲ್ಲಿ ನಿಂತ ಮೇಲೆ ಈ ಚೀಲ ಒಂದೇ ನಮ್ಮ ಕಡೆಯ ಎಷ್ಟೋ ಮನೆಗಳಿಗೆ ಶಾಲೆಯ ಹಾಗೆ ಆಗಿದೆ. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇವೆ.

ಇನ್ನು ಬರವಣಿಗೆ. ನಮ್ಮ ಒಂದನೇ ತರಗತಿಯ ಹಾಳೆಗಳು ಸರ್ಕಾರಿ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಕಲಿಸುವ ನಲಿ-ಕಲಿಯ ಕ್ರಮದಲ್ಲೇ ಇವೆ, ರ ಗ ಸ ದ ಅ ದಿಂದ ಶುರು. ‘ಅ ಆ ಇ ಈ ಬಿಟ್ಟು ಇದೆಂಥದು’ ಎಂದು ಅಜ್ಜಂದಿರು ಕೇಳುತ್ತಾರೆ. ಈ ಐದು ಅಕ್ಷರ ಬಂದರೆ ಸಾಕು, ಸರ, ಅಗಸ, ದಸರ, ಗರಗಸ ಎಂದು ಮಗು ಎರಡನೇ ವಾರಕ್ಕೇ ಓದಲು ಶುರು ಮಾಡುತ್ತದೆ. ಪೂರ್ತಿ ಅಕ್ಷರಮಾಲೆ ಮುಗಿಯುವ ತನಕ ಅದು ಕಾಯಬೇಕಿಲ್ಲ. ಜುಲೈನಲ್ಲಿ ಒಂದು ಹುಡುಗಿಯ ಹಾಳೆ ಬಂತು. ಸಾಲಿನ ತುಂಬ ‘ಸ’, ನೋಡಲು ಚೆಂದ. ನಮ್ಮ ಅಕ್ಕೋರು ಹಾಳೆ ತಿರುಗಿಸಿ ಹಿಂಬದಿಯಲ್ಲಿ ಬೆರಳಾಡಿಸಿದರು. ಪೆನ್ಸಿಲ್ ಊರುವಾಗ ಒತ್ತಿದ ಗುರುತು ಹಿಂದೆ ಉಬ್ಬಿರುತ್ತದೆ. ಇಲ್ಲಿ ಆ ಉಬ್ಬು ಅಕ್ಷರ ಮುಗಿಯಬೇಕಾದ ಕಡೆ ಇತ್ತು. ‘ಈ ಕೂಸು ಅಕ್ಷರವನ್ನು ಕೊನೆಯಿಂದ ಹಿಂದಕ್ಕೆ ಬರೆಯುತ್ತಿದೆ’ ಎಂದರು. ಅವಳ ಮನೆಗೆ ಫೋನು ಮಾಡಿ ಕೇಳಿದರೆ ಹೌದು, ಮೊಬೈಲಿನಲ್ಲಿ ಬೆರಳಿನಿಂದ ತಿದ್ದಿ ಕಲಿತದ್ದಂತೆ. ತೆರೆಯ ಮೇಲೆ ಎಲ್ಲಿಂದ ಶುರು ಮಾಡಿದರೂ ಕೊನೆಗೆ ‘ಸ’ದ ಹಾಗೇ ಕಾಣುತ್ತದಲ್ಲ. ಈಗ ಸರಿಮಾಡಿಕೊಳ್ಳದಿದ್ದರೆ ಸಾಲು ಸಾಲು ಬರೆಯಬೇಕಾದಾಗ ಕೈ ಓಡುವುದಿಲ್ಲ. ಮುಂದಿನ ಚೀಲದಲ್ಲಿ ಅವಳಿಗೆಂದೇ ಬಾಣದ ಗುರುತು ಹಾಕಿದ ನಾಲ್ಕು ಹಾಳೆ ಕೈಯಲ್ಲಿ ಬರೆದು ಇಟ್ಟರು. ಆ 34 ರೂಪಾಯಿ ಹೋಗುವುದು ಇಂಥ ಕೆಲಸಕ್ಕೆ. ಪಿಡಿಎಫ್‌ಗೆ ಹಿಂಬದಿ ಇರುವುದಿಲ್ಲ.

ಇಲ್ಲಿ ಅಮ್ಮಂದಿರಿಗೆ ಒಂದು ಮಾತು, ತಪ್ಪು ತಿಳಿಯಬೇಡಿ. ಕೆಲವು ಹಾಳೆಗಳಲ್ಲಿ ಅಮ್ಮನ ಕೈಬರಹ ನಮಗೆ ಗೊತ್ತಾಗುತ್ತದೆ. ಕೊನೆಯ ಎರಡು ಸಾಲು ಇದ್ದಕ್ಕಿದ್ದಂತೆ ನೆಟ್ಟಗಾಗಿರುತ್ತವೆ. ಮಗು ಅರ್ಧಕ್ಕೇ ಬಿಟ್ಟರೆ ಅರ್ಧವೇ ಬರಲಿ, ತಪ್ಪಿದ್ದರೆ ತಪ್ಪೇ ಬರಲಿ. ‘ದಸರ’ ಎನ್ನುವುದನ್ನು ‘ದರಸ’ ಎಂದು ಬರೆದ ಹಾಳೆಯಿಂದಲೇ ಮುಂದಿನ ವಾರ ಏನು ಕೊಡಬೇಕು ಎಂದು ತಿಳಿಯುವುದು. ಕಳೆದ ವರ್ಷ ಒಂದನೇ ತರಗತಿಗೆ ಸೇರಿದ ಮಕ್ಕಳು ಈಗ ಎರಡನೇ ತರಗತಿ. ಅವರು ಒಂದು ದಿನವೂ ಬೆಂಚಿನ ಮೇಲೆ ಕೂತಿಲ್ಲ. 9ನೇ ತರಗತಿ ಮತ್ತು ಅದಕ್ಕೆ ಮೇಲಿನವರಿಗೆ ಈ 23ರಿಂದ ಶಾಲೆ ತೆರೆದಿದೆ, ಚಿಕ್ಕವರಿಗೆ ಇನ್ನೂ ಇಲ್ಲ. ಅಂಥ ಮಗುವಿಗೆ ತಪ್ಪು ಮಾಡುವ ಜಾಗ ಈ ಹಾಳೆ ಬಿಟ್ಟರೆ ಬೇರೆ ಇಲ್ಲ.

ನಮ್ಮ ತಪ್ಪುಗಳನ್ನೂ ಹೇಳಬೇಕು. ಜೂನ್ ಕೊನೆಯ ವಾರ ಎರಡನೇ ತರಗತಿಯ ಕಳೆಯುವ ಲೆಕ್ಕದ ಹಾಳೆಯಲ್ಲಿ ಮಾದರಿಯನ್ನೇ ತಪ್ಪಾಗಿ ಅಚ್ಚು ಮಾಡಿದ್ದೆವು. 43ರಲ್ಲಿ 18 ಕಳೆದರೆ 35 ಎಂದಿತ್ತು. 25 ಆಗಬೇಕು. ದಶಕದಿಂದ ಒಂದು ತೆಗೆದುಕೊಳ್ಳದೆ 8ರಲ್ಲಿ 3 ಕಳೆಯುವುದು ಮಕ್ಕಳು ಮಾಡುವ ತಪ್ಪು, ಅದನ್ನು ನಾವೇ ಕಲಿಸಿದಂತಾಯಿತು. ಆ ಹಾಳೆ ಮನೆಯಲ್ಲಿ ಇದ್ದರೆ ಹರಿದು ಹಾಕಿ, ಹೊಸ ಚೀಲದಲ್ಲಿ ಸರಿಯಾದದ್ದು ಇರುತ್ತದೆ.

ಎಣಿಸಲು ಕೊಡುತ್ತಿದ್ದ ಹುಣಸೆಬೀಜಕ್ಕೆ ಈ ಮಳೆಗಾಲ ಬೂಸ್ಟು ಬಂತು. ಹುರಿದೇ ಕೊಟ್ಟಿದ್ದೆವು, ಆದರೂ ಬಂತು. ಇನ್ನು ಬೀಜ ಕಳಿಸುವುದಿಲ್ಲ. ಮನೆಯಲ್ಲಿರುವ ಹುಣಸೆಬೀಜ, ಸಣ್ಣ ಕಡ್ಡಿ ಸಾಕು, ಹತ್ತು ಕಡ್ಡಿಗೆ ಬಾಳೆನಾರಿನ ಒಂದು ಕಟ್ಟು ಕಟ್ಟಿಸಿದರೆ ದಶಕ ಎಂದರೇನು ಎಂದು ಕೈಗೇ ತಿಳಿಯುತ್ತದೆ. ಚೆಂದ ಇದೆ ಎಂದು ಗುಲಗಂಜಿ ಮಾತ್ರ ಕೊಡಬೇಡಿ, ಕಚ್ಚಿ ನುಂಗಿದರೆ ಅದು ವಿಷ.

ಹಾಳೆಗೆ ಹೊಗೆ ವಾಸನೆ ಬರುತ್ತದೆ ಎಂದವರಿಗೆ: ನಿಜ. ಥಂಡಿ ಹಿಡಿದ ಕಾಗದ ಮೆಷಿನ್ನಿನಲ್ಲಿ ಎರಡೆರಡು ಅಂಟಿಕೊಂಡು ಹೋಗುತ್ತದೆ. ಅದಕ್ಕೆ ಅಡಕೆ ಒಣಗಿಸುವ ಬಚ್ಚಲೊಲೆಯ ಅಟ್ಟದ ಮೇಲೆ ಕಾಗದದ ಕಟ್ಟು ಇಟ್ಟು ಬೆಚ್ಚಗೆ ಮಾಡಿ ಆಮೇಲೆ ಅಚ್ಚು ಹಾಕುತ್ತೇವೆ. ಮಳೆ ಹಿಂದಾಗುವ ತನಕ ಆ ವಾಸನೆ ಇರುತ್ತದೆ.

ದುಡ್ಡಿನ ತೊಂದರೆ ಇರುವವರು ಚೀಲ ನಿಲ್ಲಿಸಬೇಡಿ. ದುಡ್ಡನ್ನು ಡೈರಿಯವರ ಕೈಗೆ ಕೊಡುವುದು ಬೇಡ. ಚೀಲದೊಳಗೆ ಒಂದು ಲಕೋಟೆ ಇರುತ್ತದೆ, ಅದರಲ್ಲಿ ಹಾಕಿ ಅಂಟಿಸಿ ಕಳಿಸಿ. ಆದಷ್ಟು ಹಾಕಿ, ಆಗದಿದ್ದರೆ ಖಾಲಿ ಅಂಟಿಸಿ ಕಳಿಸಿ. ಎಲ್ಲರ ಲಕೋಟೆಯೂ ಒಂದೇ ಥರ ಇರುತ್ತದೆ, ತೆರೆಯುವುದು ಕಾರ್ಯದರ್ಶಿಯಾದ ನಾನು ಒಬ್ಬಳೇ. ಯಾರ ಮನೆಯಿಂದ ಎಷ್ಟು ಬಂತು ಎಂದು ಸಂಘದ ಸಭೆಯಲ್ಲೂ ಓದುವುದಿಲ್ಲ.

ತಿದ್ದುವ ಅಕ್ಕೋರು ಬದಲಾಗುವುದಿಲ್ಲ. ನಿಮ್ಮ ಮಗುವಿನ ಹಾಳೆ ಇಲ್ಲಿಯವರೆಗೆ ಯಾರ ಕೈಗೆ ಹೋಗುತ್ತಿತ್ತೋ ಅವರ ಕೈಗೇ ಹೋಗುತ್ತದೆ, ಕೆಳಗೆ ಬರೆಯುವ ಎರಡು ಸಾಲೂ ಅವರದ್ದೇ. ಹದಿನೈದು ದಿನಕ್ಕೊಮ್ಮೆ ಆದ್ದರಿಂದ ನಡುವಿನ ವಾರ ಒಂದು ಸಂಜೆ ಅವರು ಮಗುವಿಗೆ ಫೋನು ಮಾಡುತ್ತಾರೆ, ಕೀಪ್ಯಾಡ್ ಫೋನಾದರೂ ಸಾಕು. ಐದು ನಿಮಿಷ ಮಗು ಒಂದು ಪುಟ ಓದಿ ಹೇಳಲಿ.

ಹಳೆಯ ಚೀಲಗಳನ್ನು ಚೌತಿಯೊಳಗೆ ಡೈರಿಯಲ್ಲಿ ಕೊಟ್ಟಿರಿ, ಹರಿದಿದ್ದರೂ ಪರವಾಗಿಲ್ಲ, ಹೊಲಿಸುತ್ತೇವೆ. 13ರ ಚೀಲದಲ್ಲಿ ಎರಡನೇ ತರಗತಿಯವರಿಗೆ ಒತ್ತಕ್ಷರ ಶುರು. ಮೊದಲ ಹಾಳೆಯಲ್ಲಿ ಅಮ್ಮ, ಅಪ್ಪ, ಅಕ್ಕ, ಅಣ್ಣ, ಅಜ್ಜ, ಅಜ್ಜಿ ಇದ್ದಾರೆ. ಮನೆಯಲ್ಲಿ ಯಾರಿದ್ದೀರೋ ಅವರು ಆ ಹೊತ್ತಿಗೆ ಮಗುವಿನ ಪಕ್ಕ ಕೂತಿರಿ, ನಿಮ್ಮನ್ನು ನೋಡಿಕೊಂಡೇ ಅದು ಬರೆಯಲಿ.

ನಿಮ್ಮ,
ಕಾರ್ಯದರ್ಶಿ, ಸಂಘದ ಎಲ್ಲ ಹೆಂಗಸರ ಪರವಾಗಿ