ಆ ಮೂರು ಗಂಟೆ ಶುರುವಾಗುವುದು ಯಾವಾಗ?

ಮಾನ್ಯ ಸಂಪಾದಕರೆ,

ಕಳೆದ ವಾರ ಓದುಗರ ಪತ್ರಗಳಲ್ಲಿ ಡೊಂಬಿವಲಿಯವರೊಬ್ಬರ ಪತ್ರ ಓದಿದೆ. ಅವರ ತಾಯಿಗೆ ಬೆಳಿಗ್ಗೆ ಒಂಬತ್ತೂವರೆಗೆ ಡಿಸ್ಚಾರ್ಜ್ ಹೇಳಿದ್ದರಂತೆ. ಮನೆಗೆ ಹೊರಟಾಗ ರಾತ್ರಿ ಎಂಟು. ‘ಕ್ಯಾಶ್‌ಲೆಸ್ ಆದರೆ ಮೂರು ಗಂಟೆಯಲ್ಲಿ ಬಿಡಬೇಕು ಅಂತ ರೂಲ್ ಬಂದಿದೆ, ಆದರೂ ಸಿಸ್ಟರ್‌ಗಳು ಬೇಕಂತಲೇ ಕೂರಿಸುತ್ತಾರೆ’ ಎಂದು ಬರೆದಿದ್ದಾರೆ. (ಕ್ಯಾಶ್‌ಲೆಸ್ ಅಂದರೆ ಬಿಲ್ಲನ್ನು ವಿಮಾ ಕಂಪನಿಯೇ ನೇರ ಆಸ್ಪತ್ರೆಗೆ ಕಟ್ಟುವುದು.) ಓದಿ ಸಿಟ್ಟು ಬರಲಿಲ್ಲ ಅಂದರೆ ಸುಳ್ಳಾಗುತ್ತದೆ. ಬಂತು. ಚಹಾ ಕುಡಿದ ಮೇಲೆ ಸ್ವಲ್ಪ ಇಳಿಯಿತು, ಯಾಕೆಂದರೆ ಅವರಿಗೆ ಇದನ್ನೆಲ್ಲ ಯಾರೂ ಬಿಡಿಸಿ ಹೇಳಿಯೇ ಇಲ್ಲ.

ನಾನೂ ಸಿಸ್ಟರೇ. ಮಂಗಳೂರಲ್ಲಿ ನರ್ಸಿಂಗ್ ಕಲಿತು ಮುಂಬಯಿಗೆ ಬಂದು 22 ವರ್ಷ ಆಯಿತು. ಹದಿನಾಲ್ಕು ವರ್ಷ ವಾರ್ಡಿನಲ್ಲಿ ದುಡಿದೆ, ಈಗ ಎಂಟು ವರ್ಷದಿಂದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕೇಸ್ ಮ್ಯಾನೇಜರ್. ಹೆಸರು ದೊಡ್ಡದು. ಕೆಲಸ ಏನೆಂದರೆ, ರೋಗಿ, ಡಾಕ್ಟರು, ಬಿಲ್ಲಿಂಗ್ ಮತ್ತು ವಿಮಾ ಕಂಪನಿ ಈ ನಾಲ್ವರ ಮಧ್ಯೆ ಓಡಾಡಿ ನಾಲ್ವರಿಂದಲೂ ಬೈಸಿಕೊಳ್ಳುವುದು.

ಡೊಂಬಿವಲಿಯವರು ಹೇಳಿದ ರೂಲ್ ನಿಜ. 2024ರ ಮೇ 29ರಂದು ವಿಮಾ ನಿಯಂತ್ರಕ ಐಆರ್‌ಡಿಎಐ ಒಂದು ದೊಡ್ಡ ಸುತ್ತೋಲೆ ಹೊರಡಿಸಿತು. ಕ್ಯಾಶ್‌ಲೆಸ್ ಒಪ್ಪಿಗೆ ಕೇಳಿದರೆ ಕಂಪನಿ 1 ಗಂಟೆಯೊಳಗೆ ತೀರ್ಮಾನ ಹೇಳಬೇಕು. ಡಿಸ್ಚಾರ್ಜ್ ದಿನದ ಕೊನೆಯ ಒಪ್ಪಿಗೆ 3 ಗಂಟೆಯೊಳಗೆ ಕೊಡಬೇಕು. ಅದಕ್ಕಿಂತ ತಡವಾಗಿ ಆಸ್ಪತ್ರೆ ಹೆಚ್ಚಿನ ದುಡ್ಡು ಹಾಕಿದರೆ ಅದನ್ನು ಕಂಪನಿಯೇ ತನ್ನ ಷೇರುದಾರರ ನಿಧಿಯಿಂದ ಕಟ್ಟಬೇಕು. ಚೆನ್ನಾಗಿದೆ, ಅಲ್ವಾ? ಆದರೆ ಆ ಮೂರು ಗಂಟೆ ಶುರುವಾಗುವುದು ಡಾಕ್ಟರು ರೌಂಡ್ಸ್‌ನಲ್ಲಿ ‘ಇವತ್ತು ಮನೆಗೆ ಹೋಗಬಹುದು’ ಅಂದಾಗ ಅಲ್ಲ. ಆಸ್ಪತ್ರೆಯಿಂದ ಕೊನೆಯ ಬಿಲ್ಲು, ಡಿಸ್ಚಾರ್ಜ್ ಸಮ್ಮರಿ (ಏನು ಕಾಯಿಲೆ, ಏನು ಚಿಕಿತ್ಸೆ ಎಂದು ಬರೆದ ಕಾಗದ) ಎಲ್ಲ ಕಂಪನಿಗೆ ಮುಟ್ಟಿದಾಗ.

ಅಲ್ಲಿಯವರೆಗಿನ ಹೊತ್ತು ನಮ್ಮದು. ಇದನ್ನು ಒಪ್ಪಿಕೊಳ್ಳುವುದಕ್ಕೆ ನನಗೇನೂ ನಾಚಿಕೆಯಿಲ್ಲ. ಡಾಕ್ಟರು ಒಂಬತ್ತಕ್ಕೆ ಹೇಳಿ ಆಪರೇಷನ್ ಥಿಯೇಟರಿಗೆ ಹೋಗುತ್ತಾರೆ. ಸಮ್ಮರಿ ಬರೆಯುವ ಜೂನಿಯರ್ ಡಾಕ್ಟರಿಗೆ ಇನ್ನೂ ಹನ್ನೆರಡು ರೋಗಿಗಳು. ಬರೆದ ಮೇಲೆ ದೊಡ್ಡ ಡಾಕ್ಟರ ಸಹಿ ಬೇಕು, ಅವರು ಥಿಯೇಟರಿನಲ್ಲಿ. ಉಳಿದ ಔಷಧಿ ಫಾರ್ಮಸಿಗೆ ವಾಪಸ್ ಹೋಗಿ ಲೆಕ್ಕ ಆಗಬೇಕು, ಲ್ಯಾಬಿನ ಒಂದು ರಿಪೋರ್ಟ್ ಬಾಕಿ ಇರುತ್ತದೆ, ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದ್ದರೆ ಅದರ ಸ್ಟಿಕ್ಕರ್ ಅಂಟಿಸಿದ ಕಾಗದ ಯಾವುದೋ ಫೈಲಿನಲ್ಲಿ ಸಿಕ್ಕಿಕೊಂಡಿರುತ್ತದೆ, ಇಷ್ಟನ್ನೂ ಹುಡುಕಿ ಜೋಡಿಸಿ ಸ್ಕ್ಯಾನ್ ಮಾಡಿ ಕಳಿಸುವಾಗ ಮಧ್ಯಾಹ್ನ ಎರಡು ಗಂಟೆ ದಾಟಿರುತ್ತದೆ. ಈ ಭಾಗಕ್ಕೆ ಯಾವ ಗಡಿಯಾರವೂ ಇಲ್ಲ. ನನ್ನ ಪ್ರಕಾರ ಇರಬೇಕಿತ್ತು. ಕಂಪನಿಗೆ ಮೂರು ಗಂಟೆ ಅಂತ ಕಟ್ಟುನಿಟ್ಟು ಮಾಡಿದವರು ಆಸ್ಪತ್ರೆಗೂ ಎರಡು ಗಂಟೆ ಅಂತ ಇಟ್ಟಿದ್ದರೆ ನಮ್ಮ ಮ್ಯಾನೇಜ್‌ಮೆಂಟ್‌ನವರು ಇನ್ನೊಬ್ಬ ಜೂನಿಯರ್ ಡಾಕ್ಟರನ್ನು ಇಟ್ಟುಕೊಳ್ಳುತ್ತಿದ್ದರೋ ಏನೋ.

ಫೈಲ್ ಹೋದ ಮೇಲೆ ಶುರುವಾಗುವುದು ‘ಕ್ವೆರಿ’. ಕಂಪನಿಯವರು ಎರಡು ಗಂಟೆ ನಲವತ್ತು ನಿಮಿಷ ಸುಮ್ನೆ ಕೂತು, ಮೂರು ಗಂಟೆ ತುಂಬುವ ಮುಂಚೆ ಒಂದು ಪ್ರಶ್ನೆ ಕಳಿಸುತ್ತಾರೆ. ನಾವು ಉತ್ತರ ಕೊಟ್ಟರೆ ಮತ್ತೆ ಹೊಸದಾಗಿ ಲೆಕ್ಕ. ಎಲ್ಲ ಕಂಪನಿಗಳೂ ಹೀಗೆ ಅಂತ ಹೇಳುವುದಿಲ್ಲ, ಆದರೆ ಇದು ನನಗೆ ದಿನಾ ಕಾಣುವ ಆಟ. ತಡ ಮಾಡಿದ್ದಕ್ಕೆ ಕಂಪನಿ ತಾನೇ ದುಡ್ಡು ಕಟ್ಟಿದ್ದನ್ನು ಮಾತ್ರ ನಾನು ಇವತ್ತಿನವರೆಗೆ ನೋಡಿಲ್ಲ.

ಈ ಕ್ವೆರಿಗಳಲ್ಲಿ ಅತಿ ಕೆಟ್ಟದ್ದು ಯಾವುದು ಗೊತ್ತಾ? ‘ರೋಗಿಗೆ ಶುಗರ್ ಎಷ್ಟು ವರ್ಷದಿಂದ?’ ಅನ್ನುವುದು. ಇದರ ಬೀಜ ಬಿದ್ದಿರುವುದು ಅಡ್ಮಿಟ್ ಆದ ರಾತ್ರಿ. ಎದೆನೋವು ಅಂತ ತಂದೆಯನ್ನು ಕರೆದುಕೊಂಡು ಬಂದಿರುತ್ತಾರೆ, ಕೈಕಾಲು ನಡುಗುತ್ತಿರುತ್ತದೆ. ಕ್ಯಾಶುವಾಲ್ಟಿಯಲ್ಲಿ ಯಾರೋ ಕೇಳುತ್ತಾರೆ, ಶುಗರ್ ಇದೆಯಾ, ಎಷ್ಟು ವರ್ಷ ಆಯಿತು? ‘ಹತ್ತು ವರ್ಷ ಆಗಿರಬೇಕು ಸಿಸ್ಟರ್’ ಅಂತ ಮಗ ಬಾಯಿಗೆ ಬಂದದ್ದು ಹೇಳುತ್ತಾನೆ. ನಾವು ಹಾಗೇ ಬರೆದುಕೊಳ್ಳುತ್ತೇವೆ. ಪಾಲಿಸಿ ತೆಗೆದು ನಾಲ್ಕು ವರ್ಷ ಆಗಿರುತ್ತದೆ. ಮುಗಿಯಿತು. ‘ಮೊದಲೇ ಕಾಯಿಲೆ ಇತ್ತು, ಮುಚ್ಚಿಟ್ಟಿದ್ದೀರಿ’ ಎಂದು ಕ್ಲೇಮ್ ತಳ್ಳಿಹಾಕುತ್ತಾರೆ. ಆಮೇಲೆ ಹಳೇ ಚೀಟಿ ಹುಡುಕಿದರೆ ಶುಗರ್ ಗೊತ್ತಾಗಿದ್ದೇ ಮೂರು ವರ್ಷದ ಹಿಂದೆ! ಕೇಸ್ ಪೇಪರಿನಲ್ಲಿ ಒಮ್ಮೆ ಬರೆದದ್ದನ್ನು ಅಳಿಸಲು ಬರುವುದಿಲ್ಲ. ಅಳಿಸಬಾರದು ಕೂಡ. ಡಾಕ್ಟರ ಸರ್ಟಿಫಿಕೇಟ್, ಹಳೇ ಬ್ಲಡ್ ರಿಪೋರ್ಟ್ ಹಿಡಿದು ತಿಂಗಳುಗಟ್ಟಲೆ ಹೊಡೆದಾಡಬೇಕು. ಸುಳ್ಳು ಹೇಳಿ ಅಂತ ನಾನು ಹೇಳುತ್ತಿಲ್ಲ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ, ಅಂದಾಜು ಹೇಳಬೇಡಿ. ಹಳೇ ರಿಪೋರ್ಟುಗಳ ಫೋಟೊ ತೆಗೆದು ಮೊಬೈಲಿನಲ್ಲಿ ಇಟ್ಟುಕೊಳ್ಳಿ.

ಇನ್ನು ನಿಜವಾಗಿಯೂ ಕಾಯಿಲೆ ಮುಚ್ಚಿಟ್ಟವರು. ಹೆಚ್ಚಿನವರಿಗೆ ಏಜೆಂಟರೇ ‘ಬರೆಯೋದು ಬೇಡ ಬಿಡಿ, ಪ್ರೀಮಿಯಂ ಜಾಸ್ತಿ ಆಗುತ್ತೆ’ ಅಂದಿರುತ್ತಾರೆ. ದಯವಿಟ್ಟು ಪಾಲಿಸಿ ಅರ್ಜಿಯಲ್ಲೇ ಬರೆಯಿಸಿ. 2024ರ ಏಪ್ರಿಲ್‌ನಿಂದ ಹಳೇ ಕಾಯಿಲೆಗೆ ಕಾಯುವ ಅವಧಿ 4 ವರ್ಷದ ಬದಲು ಹೆಚ್ಚೆಂದರೆ 3 ವರ್ಷ. ಬರೆಯಿಸಿ ಮೂರು ವರ್ಷ ಕಾದರೆ ಧೈರ್ಯವಾಗಿ ಕ್ಲೇಮ್ ಮಾಡಬಹುದು. ಪಾಲಿಸಿ ತಪ್ಪದೆ 5 ವರ್ಷ ನಡೆದಿದ್ದರೆ, ಮುಚ್ಚಿಟ್ಟಿದ್ದೀರಿ ಅನ್ನುವ ಕಾರಣಕ್ಕೆ ಕ್ಲೇಮ್ ತಳ್ಳುವಂತಿಲ್ಲ, ಮೋಸ ಅಂತ ಸಾಬೀತಾದರೆ ಮಾತ್ರ. ಇದು ಮುಂಚೆ 8 ವರ್ಷ ಇತ್ತು. ಪೇಪರಿನವರು ಪ್ರೀಮಿಯಂ ಮೇಲಿನ 18% ಜಿಎಸ್‌ಟಿ ಹೋದ ಸುದ್ದಿಯನ್ನು ಮುಖಪುಟದಲ್ಲಿ ಹಾಕಿದಿರಿ. ಅದಕ್ಕಿಂತ ಜಾಸ್ತಿ ಜನರನ್ನು ಉಳಿಸುವ ಈ ಎರಡು ಬದಲಾವಣೆಗಳನ್ನು ಎಲ್ಲಿ ಹಾಕಿದಿರೋ ನನಗಂತೂ ಕಾಣಲಿಲ್ಲ!

ಇದೆಲ್ಲ ಪಾಲಿಸಿ ಇದ್ದವರ ಕಷ್ಟ. ಇಲ್ಲದವರದ್ದು ಬೇರೆ.

ಹೋದ ಮಳೆಗಾಲದಲ್ಲಿ ಒಬ್ಬರು ಬಂದರು, ಬೈಂದೂರು ಕಡೆಯವರು. ಅಂಧೇರಿಯ ಹೋಟೆಲಿನಲ್ಲಿ ಮೂವತ್ತು ವರ್ಷ ದೋಸೆಕಲ್ಲಿನ ಮುಂದೆ ನಿಂತವರು. ಹಾರ್ಟ್ ಅಟ್ಯಾಕ್. ಜೊತೆಗೆ ಬಂದ ಹುಡುಗ ನನ್ನ ಕನ್ನಡ ಕೇಳಿ ‘ಅಕ್ಕಾ, ಸರ್ಕಾರದ ಸ್ಕೀಮು ಇದೆಯಂತಲ್ಲ’ ಅಂದ. ಇದೆ. ಮಹಾರಾಷ್ಟ್ರದ ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆ, ಹಳಬರು ಇವತ್ತಿಗೂ ‘ಜೀವನದಾಯಿ’ ಅನ್ನುವುದು ಅದನ್ನೇ. 2012ರಲ್ಲಿ ಶುರುವಾದಾಗ ಕುಟುಂಬಕ್ಕೆ ವರ್ಷಕ್ಕೆ 1.5 ಲಕ್ಷ ರೂಪಾಯಿಯವರೆಗಿನ ಚಿಕಿತ್ಸೆ ಇತ್ತು, ಕಡಿಮೆ ಆದಾಯದ ಹಳದಿ, ಕೇಸರಿ ರೇಷನ್ ಕಾರ್ಡಿನವರಿಗೆ. 2023ರಲ್ಲಿ ಸರ್ಕಾರ ಅದನ್ನು 5 ಲಕ್ಷಕ್ಕೆ ಏರಿಸಿ ಬಿಳಿ ಕಾರ್ಡಿನವರಿಗೂ ಕೊಡುವ ತೀರ್ಮಾನ ಮಾಡಿತು. ಕಾರ್ಡ್ ಇಲ್ಲದಿದ್ದರೆ ಡೊಮಿಸೈಲ್ ಸರ್ಟಿಫಿಕೇಟ್ (ಈ ರಾಜ್ಯದ ನಿವಾಸಿ ಅನ್ನುವ ಪತ್ರ) ಆದರೂ ನಡೆಯುತ್ತದೆ. ಒಳ್ಳೆಯ ಬದಲಾವಣೆ, ನಾನು ಮನಸಾರೆ ಮೆಚ್ಚಿದ್ದು.

ಆದರೆ ಇವರ ರೇಷನ್ ಕಾರ್ಡ್ ಊರಲ್ಲಿ. ಇಲ್ಲಿ ಮಲಗುವುದು ಹೋಟೆಲಿನ ಅಟ್ಟದಲ್ಲಿ. ಡೊಮಿಸೈಲ್‌ಗೆ 15 ವರ್ಷ ಇಲ್ಲಿದ್ದದ್ದಕ್ಕೆ ದಾಖಲೆ ಕೇಳುತ್ತಾರೆ, ಮೂವತ್ತು ವರ್ಷ ಇದ್ದವರ ಹತ್ತಿರ ಹದಿನೈದು ದಿನದ ದಾಖಲೆಯೂ ಇರಲಿಲ್ಲ. ಕೇಂದ್ರ ಸರ್ಕಾರದ ಉಚಿತ ಚಿಕಿತ್ಸೆಯ ಆಯುಷ್ಮಾನ್ ಕಾರ್ಡ್ ಇದ್ದರೆ ಬೇರೆ ರಾಜ್ಯದಲ್ಲೂ ನಡೆಯುತ್ತದೆ, ಆದರೆ ಮಾಡಿಸಿರಲಿಲ್ಲ, ಮಾಡಿಸಿದ್ದರೂ ಪ್ರಯೋಜನ ಇರಲಿಲ್ಲ, ಯಾಕೆಂದರೆ ನಮ್ಮ ಆಸ್ಪತ್ರೆ ಆ ಕಾರ್ಡ್ ನಡೆಯುವ ಆಸ್ಪತ್ರೆಗಳ ಪಟ್ಟಿಯಲ್ಲೇ ಇಲ್ಲ. ಕೊನೆಗೆ ಸ್ಥಿತಿ ಸ್ವಲ್ಪ ಸರಿಯಾದ ಮೇಲೆ ಮುನಿಸಿಪಾಲಿಟಿ ಆಸ್ಪತ್ರೆಗೆ ಕಳಿಸಿದೆವು. ಬದುಕಿದರು. ನಮ್ಮಲ್ಲಿ ಕಳೆದ ಎರಡು ದಿನದ ಬಿಲ್ಲಿಗೆ ಹೋಟೆಲಿನ ಹುಡುಗರೆಲ್ಲ ಸೇರಿ ದುಡ್ಡು ಹಾಕಿದರು.

ಈ ಪತ್ರಿಕೆ ಓದುವ ಹೋಟೆಲ್ ಮಾಲೀಕರು ಬಹಳ ಜನ ಇದ್ದಾರೆ, ಅವರಿಗೇ ಕೇಳುತ್ತೇನೆ. ಅಣ್ಣಾ, ಹತ್ತು ಜನ ಅಥವಾ ಹೆಚ್ಚು ಇದ್ದಾರಲ್ಲ ನಿಮ್ಮಲ್ಲಿ, ತಿಂಗಳಿಗೆ 21,000ದವರೆಗೆ ಸಂಬಳ ಇರುವವರಿಗೆ ಇಎಸ್‌ಐ (ನೌಕರರ ಸರ್ಕಾರಿ ಆರೋಗ್ಯ ವಿಮೆ) ಮಾಡಿಸಿದ್ದೀರಾ? ನಮ್ಮ ಕನ್ನಡ ಸಂಘಗಳವರಿಗೂ ಒಂದು ಮಾತು. ಬಿಪಿ, ಶುಗರ್ ನೋಡುವ ಶಿಬಿರ ಪ್ರತಿ ವರ್ಷ ಮಾಡುತ್ತೀರಿ, ನಾನೇ ಬಂದು ಸೂಜಿ ಚುಚ್ಚಿದ್ದೇನೆ. ಈ ಸಲ ಕಾಗದಪತ್ರದ ಶಿಬಿರ ಮಾಡಿ. ಯಾರ ರೇಷನ್ ಕಾರ್ಡ್ ಎಲ್ಲಿದೆ, ಡೊಮಿಸೈಲ್ ಆಗುತ್ತದಾ, 70 ದಾಟಿದವರಿಗೆ ಆಯುಷ್ಮಾನ್ ಕಾರ್ಡ್ ಆಗಿದೆಯಾ ನೋಡಿ. ಈ 70ರ ಕಾರ್ಡ್ 2024ರ ಅಕ್ಟೋಬರ್ 29ರಂದು ಶುರುವಾದದ್ದು, ಆದಾಯ ಕೇಳುವುದಿಲ್ಲ, ಖಾಸಗಿ ಪಾಲಿಸಿ ಇದ್ದರೂ ಮಾಡಿಸಬಹುದು. ಯಾವ ಆಸ್ಪತ್ರೆಯಲ್ಲಿ ನಡೆಯುತ್ತದೆ ಎಂದು 14555ಕ್ಕೆ ಫೋನ್ ಮಾಡಿ ಮೊದಲೇ ಕೇಳಿಟ್ಟುಕೊಳ್ಳಿ. ಆಂಬುಲೆನ್ಸ್‌ನಲ್ಲಿ ಕೂತು ಕೇಳಿದರೆ ಆಗುವುದಿಲ್ಲ. ಭಾನುವಾರ ಇಟ್ಟರೆ ನಾನು ಬರುತ್ತೇನೆ, ಊಟ ಹಾಕಿದರೆ ಸಾಕು.

ಡೊಂಬಿವಲಿಯವರೆ, ನಿಮ್ಮ ತಾಯಿಯ ಫೈಲ್ ಕಂಪನಿಗೆ ಹೋದದ್ದು ಎಷ್ಟು ಗಂಟೆಗೆ ಎಂದು ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕಿನಲ್ಲಿ ಕೇಳಿ. ಸಮಯ ದಾಖಲಾಗಿರುತ್ತದೆ. ನಾಲ್ಕೂವರೆಗೆ ಹೋಗಿದ್ದರೆ ಬೈಗುಳ ನಮಗೇ ಇರಲಿ. ಹನ್ನೆರಡಕ್ಕೆ ಹೋಗಿದ್ದರೆ ಕಂಪನಿಗೆ ಲಿಖಿತ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ, ಬಂದದ್ದು ಸರಿ ಕಾಣದಿದ್ದರೆ, ನಿಮ್ಮ ಠಾಣೆ ಜಿಲ್ಲೆಯವರಿಗೆ ಠಾಣೆ ಪಶ್ಚಿಮದಲ್ಲಿ ವಿಮಾ ಒಂಬುಡ್ಸ್‌ಮನ್ (ವಿಮೆಯ ದೂರು ಕೇಳುವ ಅಧಿಕಾರಿ) ಕಚೇರಿ ಇದೆ. ಫೀ ಇಲ್ಲ, ವಕೀಲರು ಬೇಡ. ಆ ಸಮಯ ಇರುವ ಕಾಗದದ ಜೆರಾಕ್ಸ್ ಮಾತ್ರ ಮರೆಯದೆ ತೆಗೆದುಕೊಂಡು ಹೋಗಿ.

— ಒಬ್ಬ ಸಿಸ್ಟರ್, ಮಲಾಡ್, ಮುಂಬಯಿ
(ಹೆಸರು ಹಾಕಬೇಡಿ, ಸೋಮವಾರ ಡ್ಯೂಟಿ ಇದೆ)