ಪ್ರೋಗ್ರಾಮ್ ಒಳಗಿಂದ ಶೆಲ್ ಕಮಾಂಡ್ ಓಡಿಸೋರಿಗೆ

ಎಲ್ಲರಿಗೂ ನಮಸ್ಕಾರ. ಕಲಬುರಗಿಯ ದಾಲ್ ಮಿಲ್‌ಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆಯೋರು ಈ ಸೂಚನೆ ಪೂರ್ತಿ ಓದ್ರಿ.

ಪೈಥಾನ್‌ನಾಗ ಓಎಸ್.ಸಿಸ್ಟಮ್‌ಗೆ ಫೈಲ್ ಕಟ್ಟಿಡೋ ಟಾರ್ ಕಮಾಂಡಿನ ಸಾಲು ಕೊಟ್ಟು, ಅದರ ತುದಿಗೆ ಬಳಕೆದಾರ ಕೊಟ್ಟ ಫೈಲ್ ಹೆಸರು ಜೋಡಿಸಿದ್ರ, ಇಡೀ ಸಾಲು ಶೆಲ್ (ಕಮಾಂಡ್ ಓದಿ ಓಡಿಸೋ ಪ್ರೋಗ್ರಾಮ್) ಕೈಗೆ ಹೋಗ್ತದ. ಫೈಲಿನ ಹೆಸರು "ತೊಗರಿ; ಆರ್‌ಎಮ್ -ಆರ್ *" ಅಂತ ಇದ್ರ? ಆರ್‌ಎಮ್ ಅಂದ್ರ ಅಳಿಸೋ ಕಮಾಂಡ್. ; ಕಂಡಲ್ಲಿ ಶೆಲ್ ಒಂದು ಕಮಾಂಡ್ ಮುಗಿಸಿ ಮುಂದಿನದು ಶುರು ಮಾಡ್ತದ. ಆ ಫೋಲ್ಡರಿನ ಬಿಲ್ಲೆಲ್ಲ ಅಳಿಸಿ ಹೋಗ್ತಾವ. | & $() ಮತ್ತ ಬ್ಯಾಕ್‌ಟಿಕ್ ಕೂಡ ಇಷ್ಟೇ ಅಪಾಯ. ಓಡೋದು ನಿಮ್ಮ ಪ್ರೋಗ್ರಾಮಿನ ಅಧಿಕಾರದಾಗೇ, ಅದಕ್ಕ ಸರ್ವರಿನಾಗ ರೂಟ್ (ಎಲ್ಲಾ ಅಧಿಕಾರ ಇರೋ ಖಾತೆ) ಆಗಿ ಓಡಿಸಲೇಬ್ಯಾಡ್ರಿ.

ಇದರ ಬದಲು ಸಬ್‌ಪ್ರೊಸೆಸ್.ರನ್ ಬಳಸಿ, ಕಮಾಂಡ್ ಮತ್ತ ಒಂದೊಂದು ಆರ್ಗ್ಯುಮೆಂಟನ್ನೂ ಲಿಸ್ಟಿನಾಗ ಬ್ಯಾರೆ ಬ್ಯಾರೆ ಕೊಡ್ರಿ. ಶೆಲ್=ಟ್ರೂ ಹಾಕಬ್ಯಾಡ್ರಿ. ಆಗ ಶೆಲ್ ನಡುವ ಬರೋದಿಲ್ಲ, ; ಅನ್ನೋದು ಬರೀ ಒಂದು ಅಕ್ಷರ. ಟೈಮ್‌ಔಟ್ (ಕಮಾಂಡ್ ಓಡೋಕ ಸಮಯದ ಮಿತಿ) ಕೂಡ ಇಡ್ರಿ.

ಲಿಸ್ಟ್ ಕೊಟ್ಟ ಮ್ಯಾಲೂ ಒಂದು ಕಿಂಡಿ ಉಳೀತದ, ಇದನ್ನ ಭಾಳ ಮಂದಿ ಮರೀತಾರ: ಹೆಸರು - ಇಂದ ಶುರುವಾದ್ರ ಟಾರ್ ಅದನ್ನ ಆಪ್ಷನ್ ಅಂತ ಓದ್ತದ. ಗ್ನೂ ಟಾರ್‌ನ --ಚೆಕ್‌ಪಾಯಿಂಟ್-ಆಕ್ಷನ್ ಆಪ್ಷನ್ ಹೊರಗಿನ ಕಮಾಂಡನ್ನೇ ಓಡಿಸಬಲ್ಲದು. ಹೆಸರಿನ ಮುಂದ ./ ಹಚ್ಚಿ ಕೊಡ್ರಿ.

ವಿಂಡೋಸ್‌ನಾಗ .ಬ್ಯಾಟ್ ಫೈಲಿಗೆ ಹೊರಗಿನ ಹೆಸರು ಕೊಡಬ್ಯಾಡ್ರಿ, ಅದು ಲಿಸ್ಟ್ ಕೊಟ್ರೂ ವಿಂಡೋಸ್‌ನ ಶೆಲ್ ಆದ ಸಿಎಮ್‌ಡಿ ಮೂಲಕಾನೇ ಓಡ್ತದ. ಪಿಎಚ್‌ಪಿಯಾಗ ಬರೆಯೋರು ಹೆಸರನ್ನ ಎಸ್ಕೇಪ್‌ಶೆಲ್‌ಆರ್ಗ್ ಮೂಲಕ ಕೊಡ್ರಿ, ನೋಡ್‌ನಾಗ ಬರೆಯೋರು ಎಕ್ಸೆಕ್ ಬದಲು ಎಕ್ಸೆಕ್‌ಫೈಲ್ ಬಳಸ್ರಿ.

ಫೈಲ್ ಕಟ್ಟಿಡೋದಷ್ಟೇ ಕೆಲಸ ಇದ್ರ ಪೈಥಾನ್‌ನ ಟಾರ್‌ಫೈಲ್, ಜಿಪ್‌ಫೈಲ್ ಸಾಕು, ಶೆಲ್ ಬೇಕಾಗೇ ಇಲ್ಲ. ಇವತ್ತೇ ನಿಮ್ಮ ಕೋಡಿನಾಗ ಓಎಸ್.ಸಿಸ್ಟಮ್, ಶೆಲ್=ಟ್ರೂ ಹುಡುಕ್ರಿ.